ಪೇಟೆ ಮಹಾಯೋಜನಾ ಮೀಮಾಂಸೆ, ಅಥವಾ ಹಾಸನ ಸೀಮೆಯ ಟವೆಲ್ ಸೂತ್ರ

ಪೇಟೆಯನ್ನು ಕಟ್ಟುವವರು ಯಾರು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಮತಗಳಿವೆ. ನಕ್ಷಾವಾದಿಗಳ ಪ್ರಕಾರ ಮೊದಲು ನಕ್ಷೆ, ಆಮೇಲೆ ಪೇಟೆ. ಗಾಡಿವಾದಿಗಳ ಪ್ರಕಾರ ಮೊದಲು ತಳ್ಳುಗಾಡಿ, ಆಮೇಲೆ ಪೇಟೆ; ನಕ್ಷೆ ಬಂದರೆ ಬರಲಿ, ಯಾರೂ ಬೇಡವೆನ್ನುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ಚತುಷ್ಕ್ಷೇತ್ರಗಳ ಯಾತ್ರೆ ಮುಗಿಸಿ, ಒಂದೊಂದರಲ್ಲೂ ಬಸ್ ನಿಲ್ದಾಣದ ಎದುರು ಅರ್ಧ ಕಾಫಿ ಸೇವಿಸಿದ ಪ್ರಬಂಧಕಾರನು ಎರಡನೆಯ ಮತಕ್ಕೆ ಶರಣಾಗಿದ್ದಾನೆ.

ನಕ್ಷಾವಾದಿಗಳಿಗೆ ಪ್ರಮಾಣಗ್ರಂಥವೆಂದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಇದರಡಿ ತಯಾರಾಗುವ ನಕ್ಷೆಯಲ್ಲಿ ವಾಸದ ಮನೆ ಹಳದಿ, ಅಂಗಡಿ ನೀಲಿ, ಕಾರ್ಖಾನೆ ನೇರಳೆ, ಉದ್ಯಾನ ಹಸಿರು. ಸರ್ಕಾರ ತಾತ್ಕಾಲಿಕ ಅನುಮೋದನೆ ಕೊಟ್ಟ ಮೇಲೆ ನಕ್ಷೆಯನ್ನು ಪ್ರಕಟಿಸಿ ‘ಆಕ್ಷೇಪಣೆ ಮತ್ತು ಸಲಹೆ’ ಕೇಳಬೇಕು. ಲಗ್ನಪತ್ರಿಕೆ ಹಂಚಿದ ಮೇಲೆ ‘ಹುಡುಗ ಒಪ್ಪಿಗೆಯೇನಮ್ಮ?’ ಎಂದು ಕೇಳುವ ನಮ್ಮ ಕಡೆಯ ಸಂಪ್ರದಾಯವನ್ನು ಕಾಯ್ದೆ ಇಷ್ಟು ಗೌರವದಿಂದ ಕಾಪಾಡಿರುವುದು ಹೆಮ್ಮೆಯ ಸಂಗತಿ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಕಡ್ಡಾಯ. ಅಷ್ಟು ತಾಳ್ಮೆಯಿಲ್ಲದವರಿಗೆ 14-ಎ ಎಂಬ ಕಲಮುಂಟು. ಅದರಡಿ ಅರ್ಜಿ ಹಾಕಿದರೆ ಹಳದಿ ನೀಲಿಯಾಗಲು ಅವಕಾಶವಿದೆ.

ಇನ್ನು ಗಾಡಿವಾದಿಗಳ ಮೂಲಸೂತ್ರ: ‘ಟವೆಲ್ ಬಿದ್ದಲ್ಲಿ ಹಕ್ಕು.’ ಕೆಂಪು ಬಸ್ಸು ನಿಲ್ದಾಣಕ್ಕೆ ತಿರುಗುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಬೀಳುವ ಟವೆಲ್ಲಿಗೆ ಯಾವ ಪ್ರಾಧಿಕಾರದ ಮುದ್ರೆಯೂ ಬೇಕಿಲ್ಲ. ಆದರೂ ಜನ ಮನ್ನಿಸುತ್ತಾರೆ. ಅದೇ ಟವೆಲ್ ಪಾದಚಾರಿ ಮಾರ್ಗದ ಮೇಲೆ ಗೋಣಿತಾಟಾಗಿ, ತಾಟು ಗಾಡಿಯಾಗಿ, ಗಾಡಿ ತಗಡಿನ ಸೂರಾಗಿ ವಿಕಾಸ ಹೊಂದುತ್ತದೆ. ಸೂರಿಗೆ ಕರೆಂಟು ಬಂದ ದಿನ ಅದು ‘ಹಾಲಿ ಭೂಬಳಕೆ ನಕ್ಷೆ’ಗೆ ಸೇರುತ್ತದೆ. ಜನರ ಸಹಭಾಗಿತ್ವವೆಂದರೆ ಇದೇ. ನಡೆಯುವವರು ಎಲ್ಲಿ ಹೋಗಬೇಕು ಎಂಬ ಪ್ರಶ್ನೆ ಈ ಶಾಸ್ತ್ರದ ವ್ಯಾಪ್ತಿಗೆ ಹೊರತು.

ಸೂತ್ರಕ್ಕೆ ಪ್ರತ್ಯಕ್ಷ ಪ್ರಮಾಣವಾಗಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯನ್ನು ನೋಡಬಹುದು. ಹೆಸರಲ್ಲಿ ಕೆರೆ, ಒಳಗೆ ಸೊಪ್ಪು. ಇದೇ ಜಿಲ್ಲೆಯ ಹಳೇಬೀಡಿನಲ್ಲಿ ಹೊಯ್ಸಳರು ದೊಡ್ಡ ಕೆರೆಯ ದಡದಲ್ಲಿ ದೋರಸಮುದ್ರವೆಂಬ ರಾಜಧಾನಿಯನ್ನು ಬೆಳೆಸಿದರು, ಕೆರೆಗೆ ಕೈ ಹಚ್ಚಲಿಲ್ಲ. ಪಾಪ, ಅವರಿಗೆ ನಿವೇಶನದ ಬೆಲೆ ತಿಳಿದಿರಲಿಲ್ಲ.

ಚನ್ನರಾಯಪಟ್ಟಣದಲ್ಲಿ ಸೂತ್ರಕ್ಕೆ ಒಂದು ಉಪಪತ್ತಿ ಸಿಗುತ್ತದೆ: ಹೆದ್ದಾರಿ ಊರ ಹೊರಗೆ ಹೋದರೆ ಹೋಟೆಲು ಬೆನ್ನು ಹತ್ತುತ್ತದೆ. ಅರಕಲಗೂಡಿನಲ್ಲಿ ಸಂತೆಯೇ ಯೋಜನೆ. ಹೆಚ್ಚು ವ್ಯಾಖ್ಯಾನ ಬೇಡ. ಹೊಳೆನರಸೀಪುರದ ವಿಷಯ ಸೂಕ್ಷ್ಮ. ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ, 1962ರಲ್ಲಿ ಇಲ್ಲಿಂದ ಪಕ್ಷೇತರರಾಗಿ ಗೆದ್ದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯೇ ಆದರು. ಟವೆಲ್ಲನ್ನು ಎಷ್ಟು ದೂರ ಎಸೆಯಬಹುದು ಎಂಬುದಕ್ಕೆ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಆದರೆ ಎರಡೂ ಮತಗಳ ಬಾಯಿ ಮುಚ್ಚಿಸುವ ಒಂದು ಪ್ರಸಂಗ ಪ್ರತಿ ಆಶ್ವಯುಜದಲ್ಲಿ ನಡೆಯುತ್ತದೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ ತೆರೆಯುತ್ತದೆ. ಆಗ ನೋಡಿ: ಬ್ಯಾರಿಕೇಡು ಎದ್ದು, ಸಾಲಿಗೆ ನೆರಳು ಬಂದು, ವಾಹನಗಳಿಗೆ ಬೇರೆ ದಾರಿಯಾಗಿ, ಕಸ ಅಲ್ಲಲ್ಲೇ ಎತ್ತಲ್ಪಟ್ಟು, ಲಕ್ಷಾಂತರ ಜನ ಆ ಹಳೇ ಊರಿನ ಇಕ್ಕಟ್ಟಿನಲ್ಲಿ ನಡೆದಾಡುತ್ತಾರೆ. ನೂಕುನುಗ್ಗಲು, ಪಾಸಿನ ಜಗಳ ಇದ್ದದ್ದೇ. ಆದರೂ ಹತ್ತು ವರ್ಷಕ್ಕಾಗದ ಪರಿಷ್ಕರಣೆ ಹತ್ತೇ ದಿನಕ್ಕೆ ಆಗುತ್ತದೆ. ಬಲಿಪಾಡ್ಯಮಿ ಕಳೆದು ಬಾಗಿಲು ಮುಚ್ಚಿದೊಡನೆ ಯೋಜನೆಯೂ ಮುಚ್ಚುತ್ತದೆ. ಉಳಿದ ದಿನಗಳಲ್ಲಿ ಇದನ್ನು ಮಾಡಬಾರದೆಂದು ಯಾವ ಕಲಮಿನಲ್ಲೂ ಬರೆದಿಲ್ಲ. ದೇವಿ ನೋಡುತ್ತಿಲ್ಲ ಎಂಬುದೊಂದೇ ಅಡ್ಡಿ.

ಗಾಡಿಯವರಿಗೂ ಕಾನೂನಿನಲ್ಲಿ ಜಾಗ ಸಿಕ್ಕಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ಅಂದರೆ ಟವೆಲ್ಲಿಗೆ ಕುರ್ಚಿಯೂ ಉಂಟು. ಆ ಕುರ್ಚಿಯ ಮೇಲೆ ಬೇರೆಯವರು ಮೊದಲೇ ಟವೆಲ್ ಹಾಕಿರದಂತೆ ನೋಡಿಕೊಳ್ಳುವುದು ಸಂಬಂಧಪಟ್ಟವರ ಕೆಲಸ.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಕರಡು ನಕ್ಷೆ ಪ್ರಕಟವಾದಾಗ ಹೋಗಿ ನಿಮ್ಮ ಬೀದಿಯ ಬಣ್ಣ ಯಾವುದೆಂದು ನೋಡಿ. ತಕರಾರಿದ್ದರೆ ಕಾಫಿ ಅಂಗಡಿಯಲ್ಲಿ ಹೇಳಬೇಡಿ, ಬರೆದು ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಹೊರಗೆ ಬನ್ನಿ.