ಆರ್ದ್ರಪಥ ಮೀಮಾಂಸೆ: ಸೋಫಾದ ಮೇಲೆ ಕೂತು ಮಳೆಯಲ್ಲಿ ಕಾರು ಓಡಿಸುವ ಶಾಸ್ತ್ರ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ಗ್ರಾನ್ ಟುರಿಸ್ಮೊ 7 ಎಂಬ ವಿಡಿಯೊ ಗೇಮಿನಲ್ಲಿ ಮಳೆ ಹೊಡೆಯುವಾಗ ಕಾರನ್ನು ರಸ್ತೆಯ ಮೇಲೆಯೇ ಉಳಿಸಿಕೊಳ್ಳುವ ಬಗೆ. ಪ್ರಯೋಜನ: ಇಹದಲ್ಲಿ ಒಂದಿಷ್ಟು ಕ್ರೆಡಿಟ್, ಅದೂ ಆಟದೊಳಗೆ ಮಾತ್ರ ಚಲಾವಣೆ; ಪರದಲ್ಲಿ ಏನೂ ಇಲ್ಲ. ಅಧಿಕಾರಿ: ಪ್ಲೇಸ್ಟೇಷನ್ ಇರುವವನು, ಇಲ್ಲವೇ ಪ್ಲೇಸ್ಟೇಷನ್ ಇರುವ ಚಿಕ್ಕಪ್ಪನ ಮಗ ಇರುವವನು. ಸಂಬಂಧ: ಮನೆಯವರ ಜೊತೆಗಿನದು, ದಿನೇ ದಿನೇ ಕೆಡುತ್ತಿರುವುದು.

ಈ ಮಳೆಯ ಹುಟ್ಟೂರು ಜಪಾನ್. ಕಝುನೊರಿ ಯಮಾವುಚಿಯವರ ತಂಡ, ಅಂದರೆ ಮುಂದೆ ಪಾಲಿಫನಿ ಡಿಜಿಟಲ್ ಆದದ್ದು, 1997ರಲ್ಲಿ ಮೊದಲ ಗ್ರಾನ್ ಟುರಿಸ್ಮೊ ತಂದಾಗ ಆ ಲೋಕದಲ್ಲಿ ಅನಾವೃಷ್ಟಿ. 2001ರ ಮೂರನೆಯದರಲ್ಲಿ ಒಂದು ರಾತ್ರಿರಸ್ತೆಯನ್ನು ತೊಳೆದು ಒದ್ದೆ ಮಾಡಿಟ್ಟರು. ಎಂದೂ ಒಣಗದ ಒದ್ದೆ ಅದು, ಸಂಶಯವೇ ಇಲ್ಲದಲ್ಲಿ ಶಾಸ್ತ್ರಕ್ಕೇನು ಕೆಲಸ? 2010ರ ಐದನೆಯದರಲ್ಲಿ ಮಳೆ ಬರುವುದನ್ನೂ ಹೋಗುವುದನ್ನೂ ಕಲಿಯಿತು. 2022ರ ಏಳನೆಯದರಲ್ಲಿ ಮೋಡಗಳು ನಕಾಶೆಯ ಮೇಲೆ ತೇಲುತ್ತವೆ, ರಸ್ತೆ ನಿಧಾನಕ್ಕೆ ನೆನೆಯುತ್ತದೆ, ಮಳೆ ನಿಂತ ಮೇಲೆ ಕಾರುಗಳು ಓಡಿದ ಗೆರೆ ಮೊದಲು ಒಣಗುತ್ತದೆ, ಪಕ್ಕದಲ್ಲಿ ನೀರು ಹಾಗೇ ನಿಂತಿರುತ್ತದೆ. ಗೊಂದಲ ಈ ಮಟ್ಟಕ್ಕೆ ಬಂದ ಮೇಲೆ ಮೀಮಾಂಸೆ ಹುಟ್ಟಲೇಬೇಕು.

ಕ್ಷೇತ್ರಗಳಲ್ಲಿ ಮೊದಲ ಪೂಜೆ ಬೆಲ್ಜಿಯಮ್ಮಿನ ಸ್ಪಾ-ಫ್ರಾಂಕೋರ್ಶಾಂಗೆ. ಆರ್ಡೆನ್ ಕಾಡುಗುಡ್ಡಗಳ ನಡುವೆ 7.004 ಕಿಲೋಮೀಟರಿನ ಸುತ್ತು. ನಮ್ಮಲ್ಲಿ ಒಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನ ಕೂರುತ್ತದೆ. ಸ್ಪಾದಲ್ಲಿ ಒಂದೇ ಸುತ್ತಿನೊಳಗೆ, ಲಾ ಸೋರ್ಸ್ ತಿರುವಿನಲ್ಲಿ ಆರಿದ್ರಾ ಹೊಡೆದು, ಸ್ಟಾವೆಲೊ ಮುಟ್ಟುವ ಹೊತ್ತಿಗೆ ಭರಣಿಯ ಬಿಸಿಲು ಕಾಯುತ್ತಿರುತ್ತದೆ. ಅಸಲಿ ಸ್ಪಾದಲ್ಲಿ 2021ರ ಆಗಸ್ಟ್ 29ರಂದು ಫಾರ್ಮುಲಾ ಒನ್ ಕಾರುಗಳು ಮಳೆಗೆ ಅಂಜಿ, ಸೇಫ್ಟಿ ಕಾರಿನ ಹಿಂದೆ ಉತ್ಸವಮೂರ್ತಿಗಳಂತೆ ಸುತ್ತಿ, ಅರ್ಧ ಅಂಕ ಹಂಚಿಕೊಂಡು ಮನೆಗೆ ಹೋದವು. ನಮ್ಮ ಆಟದಲ್ಲಿ ಸೇಫ್ಟಿ ಕಾರೂ ಇಲ್ಲ, ಇವತ್ತು ಬೇಡ ಎನ್ನುವ ಅಧಿಕಾರಿಯೂ ಇಲ್ಲ. ಸೋಫಾದ ಧೈರ್ಯಕ್ಕೆ ಎಣೆಯಿಲ್ಲ.

ಈಗ ಸೂತ್ರ. ಪ್ರಾಚೀನ ಸೂತ್ರ ಎಲ್ಲಿಯೂ ಸಿಗದ ಕಾರಣ ನಾನೇ ಒಂದನ್ನು ರಚಿಸಿ, ಅದಕ್ಕೆ ನಾನೇ ಭಾಷ್ಯ ಬರೆದು, ಭಾಷ್ಯದ ಮೇಲೆ ನಾನೇ ಆಕ್ಷೇಪ ಎತ್ತಿದ್ದೇನೆ. ಸೂತ್ರ ಇದು: ‘ಒತ್ತಬೇಡ.’

ಏನನ್ನು ಒತ್ತಬಾರದು? ಕರ್ಮಪದ ಇಲ್ಲ. ಇಲ್ಲಿಂದಲೇ ಮೂರು ಮತಗಳು ಕವಲೊಡೆಯುತ್ತವೆ. ಕಂಟ್ರೋಲರಿನ ಆರ್‌2 ಗುಂಡಿಯ ಮತದವರು ಆಕ್ಸಿಲರೇಟರ್ ಎನ್ನುತ್ತಾರೆ. ಎಲ್‌2 ಗುಂಡಿಯ ಮತದವರು ಬ್ರೇಕ್ ಎನ್ನುತ್ತಾರೆ. ಮೂರನೆಯವರು ಪವರ್ ಬಟನ್ ಎನ್ನುತ್ತಾರೆ. ಇವರು ಸಾಮಾನ್ಯವಾಗಿ ಪರೀಕ್ಷೆ ಹತ್ತಿರ ಬಂದಿರುವ ಮಕ್ಕಳ ತಂದೆತಾಯಿಗಳು.

ಆರ್‌2 ಮತದ ವಾದ ಹೀಗೆ. ಟೈರಿಗೆ ನೆಲದ ಹಿಡಿತ ಎಂಬುದು ಒಂದೇ ಗಂಟು. ತಿರುಗುವುದಕ್ಕೂ ನಿಲ್ಲುವುದಕ್ಕೂ ಮುನ್ನುಗ್ಗುವುದಕ್ಕೂ ಅದರಿಂದಲೇ ಖರ್ಚು. ಮಳೆ ಬಂದರೆ ಗಂಟು ಕರಗುತ್ತದೆ, ಖರ್ಚು ಮಾಡುವವನ ಸ್ವಭಾವ ಕರಗುವುದಿಲ್ಲ. ಸ್ಟೀರಿಂಗ್ ತಿರುಗಿಸಿಕೊಂಡೇ ಆರ್‌2 ಗುಂಡಿಯನ್ನು ತಳ ಮುಟ್ಟಿಸಿದರೆ ಕಾರಿನ ಹಿಂಭಾಗ ಮುಂಭಾಗವನ್ನು ಓವರ್‌ಟೇಕ್ ಮಾಡಲು ಹೊರಡುತ್ತದೆ. ಆದ್ದರಿಂದ ಲಾ ಸೋರ್ಸ್‌ನಿಂದ ಹೊರಡುವಾಗ ಒಂದು ಗೇರು ಮೇಲಿಟ್ಟುಕೊಂಡು ಹೊರಡು, ಬೆರಳನ್ನು ಅರ್ಧಕ್ಕೇ ತಡೆ, ಟ್ರ್ಯಾಕ್ಷನ್ ಕಂಟ್ರೋಲನ್ನು ಒಂದೆರಡು ಅಂಕೆ ಏರಿಸಿಕೋ. ಒಣನೆಲದಲ್ಲಿ ಟ್ರ್ಯಾಕ್ಷನ್ ಕಂಟ್ರೋಲನ್ನು ಸೊನ್ನೆಗಿಟ್ಟು ಮೀಸೆ ತಿರುವುವ ವೀರರು ಮಳೆ ಬಿದ್ದೊಡನೆ ಯಾರಿಗೂ ಕಾಣದಂತೆ ಅದನ್ನು ಮೂರಕ್ಕೆ ಏರಿಸುವುದುಂಟು. ಶಾಸ್ತ್ರ ಇದನ್ನು ಆಪದ್ಧರ್ಮವೆಂದು ಕ್ಷಮಿಸುತ್ತದೆ.

ಎಲ್‌2 ಮತದವರ ಉತ್ತರ: ಒದ್ದೆಯಲ್ಲಿ ಬ್ರೇಕ್ ಜೋರಾಗಿ ಹಾಕಲಾಗದು, ಹಾಗಾಗಿ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಅಷ್ಟಾಗಿ ಬಾಗದು. ಒಣನೆಲದ ಲೆಕ್ಕದಲ್ಲೇ ಅವುಗಳಿಗೆ ಬ್ರೇಕ್ ಹಂಚಿದರೆ ಅವೇ ಮೊದಲು ಕೈಕೊಡುತ್ತವೆ. ಸ್ಟೀರಿಂಗ್ ಎತ್ತ ತಿರುಗಿದ್ದರೂ ಕಾರು ನೆಟ್ಟಗೆ ಬೇಲಿಗೆ. ಆದ್ದರಿಂದ ಬ್ರೇಕ್ ಬ್ಯಾಲೆನ್ಸನ್ನು ತುಸು ಹಿಂದಕ್ಕೆ ಸರಿಸು. ಅಸಲಿ ರೇಸಿನವರೂ ಮಳೆಯಲ್ಲಿ ಮಾಡುವ ಕೆಲಸವೇ ಇದು. ಎರಡೂ ಮತ ಸರಿ ಎಂದು ತೀರ್ಪು ಕೊಟ್ಟರೆ ವಾದಕ್ಕೆ ಬಂದ ಪಂಡಿತರಿಗೆ ಅವಮಾನ. ಎರಡೂ ತಪ್ಪು ಎಂದು ಘೋಷಿಸಿ, ಎರಡನ್ನೂ ಪಾಲಿಸತಕ್ಕದ್ದು.

ಸೂತ್ರಕ್ಕೆ ಅಮೆರಿಕದ ನಾಸಾದ ಬೆಂಬಲವೂ ಇದೆ. ಒದ್ದೆ ರನ್‌ವೇ ಮೇಲೆ ವಿಮಾನದ ಚಕ್ರ ಯಾವ ವೇಗಕ್ಕೆ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ ಎಂದು 1960ರ ದಶಕದಲ್ಲಿ ಅಲ್ಲಿಯವರು ಲೆಕ್ಕ ಕಟ್ಟಿದರು. ಟೈರಿನ ಗಾಳಿಯ ಒತ್ತಡದ ವರ್ಗಮೂಲ ತೆಗೆದು ಒಂಬತ್ತರಿಂದ ಗುಣಿಸಿದರೆ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 25 ಪಿಎಸ್‌ಐ ಟೈರಿಗೆ 45 ನಾಟ್, ಅಂದರೆ ಗಂಟೆಗೆ ಸುಮಾರು 83 ಕಿಲೋಮೀಟರ್. ಟೈರಿನ ಗೀರುಗಳು ಹೊರಹಾಕಲಾಗದಷ್ಟು ನೀರು ನಿಂತಿರಬೇಕೆಂಬುದು ಷರತ್ತು. ಒತ್ತಡ ಹೆಚ್ಚಿದಷ್ಟೂ ತೇಲುವ ವೇಗ ಹೆಚ್ಚು. ಇದನ್ನು ಕಂಠಪಾಠ ಮಾಡಿಕೊಂಡು ಗೇಮಿನ ಗ್ಯಾರೇಜಿಗೆ ಓಡಿದ ವಿದ್ವಾಂಸನಿಗೆ, ಅಲ್ಲಿ ಸ್ಪ್ರಿಂಗು, ಡ್ಯಾಂಪರು, ಗೇರಿನ ಹಲ್ಲು ಎಲ್ಲವನ್ನೂ ತಿರುಚಬಹುದು, ಟೈರಿಗೆ ಗಾಳಿ ಹೊಡೆಯುವ ಏರ್ಪಾಡು ಮಾತ್ರ ಇಲ್ಲ ಎಂದು ತಿಳಿಯುತ್ತದೆ. ಜ್ಞಾನ ಜ್ಞಾನಕ್ಕಾಗಿಯೇ ಎಂದು ಸಮಾಧಾನಪಟ್ಟುಕೊಂಡು ಹಿಂದಿರುಗುತ್ತಾನೆ.

ಇನ್ನು ಶಾಸ್ತ್ರದ ಹೃದಯ. ರಸ್ತೆ ಎಷ್ಟು ಒದ್ದೆಯಾಗಿದೆ ಎಂದು ಆಟಗಾರನಿಗೆ ಗೊತ್ತಾಗುವುದಾದರೂ ಹೇಗೆ? ಅಸಲಿ ಚಾಲಕನಿಗೆ ಬೆನ್ನು, ಸೊಂಟ, ಕತ್ತು ಎಲ್ಲವೂ ಸುದ್ದಿ ಕೊಡುತ್ತವೆ. ಸೋಫಾದವನ ಸೊಂಟ ಸುದ್ದಿ ಕೊಡುವುದು ಮೂರು ಗಂಟೆ ಕೂತ ಮೇಲೆ, ಅದೂ ಬೇರೆ ವಿಷಯಕ್ಕೆ. ಆದ್ದರಿಂದ ಭಾಟ್ಟ ಮೀಮಾಂಸಕರು ಒಪ್ಪಿದ ಆರೂ ಪ್ರಮಾಣಗಳನ್ನು ಸಾಕ್ಷಿಗೆ ಕರೆಯಬೇಕು. ಪ್ರತ್ಯಕ್ಷವೊಂದೇ ಸಾಕೆನ್ನುವ ಚಾರ್ವಾಕರೂ ನಮ್ಮಲ್ಲಿದ್ದಾರೆ. ಅವರನ್ನು ಕಾಣಬೇಕೆಂದರೆ ಸ್ಪಾದ ಓ ರೂಜ್ ತಿರುವಿನ ಪಕ್ಕದ ತಡೆಗೋಡೆಯ ಹತ್ತಿರ ಹೋಗಬೇಕು.

ಪ್ರತ್ಯಕ್ಷ ಎಂದರೆ ಟಿವಿ ಪರದೆ. ಮುಂದಿನ ಕಾರು ಎಬ್ಬಿಸುವ ತುಂತುರಿನಲ್ಲಿ ಒಂದು ಕೆಂಪು ದೀಪ ಬಿಟ್ಟರೆ ಏನೂ ಕಾಣುವುದಿಲ್ಲ. ಪಿರೆಲ್ಲಿಯ ಫಾರ್ಮುಲಾ ಒನ್ ಮಳೆ ಟೈರೊಂದು 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರನ್ನು ಹೊರಗೆ ತಳ್ಳುತ್ತದಂತೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಿಂದಿನವನನ್ನು ಕೇಳಬೇಕು. ಕಾಕ್‌ಪಿಟ್ ನೋಟ ಇಟ್ಟುಕೊಂಡವನು ವೈಪರಿನ ಸಂದಿಯಲ್ಲಿ ಇಣುಕಿ ಓಡಿಸುತ್ತಾನೆ. ಕಾರಿನ ಹಿಂದೆ ಗಾಳಿಯಲ್ಲಿ ತೇಲುವ ಕ್ಯಾಮೆರಾ ಇಟ್ಟುಕೊಂಡವನಿಗೆ ಗಾಜೂ ಇಲ್ಲ, ವೈಪರೂ ಇಲ್ಲ. ಮಡಿವಂತರು ಅವನ ಜೊತೆ ಪಂಕ್ತಿಯಲ್ಲಿ ಕೂರುವುದಿಲ್ಲ. ಇವೆಲ್ಲಕ್ಕಿಂತ ಬಲವಾದ ಪ್ರತ್ಯಕ್ಷ ಪರದೆಯ ಮೂಲೆಯಲ್ಲಿರುವ ಒಂದು ಸಣ್ಣ ಪಟ್ಟಿ. ರಸ್ತೆಯಲ್ಲಿ ನೀರು ಏರಿದಂತೆ ಅದೂ ಏರುತ್ತದೆ. ಒಂದು ಗೆರೆ ಮುಟ್ಟಿದರೆ ಇಂಟರ್‌ಮೀಡಿಯೆಟ್ ಟೈರು, ಇನ್ನೂ ಮೇಲೆ ಹೋದರೆ ಹೆವಿ ವೆಟ್. ಎದುರಿಗೆ ಇಡೀ ಆರ್ಡೆನ್ ಕಾಡು ತೊಯ್ದು ತೊಟ್ಟಿಕ್ಕುತ್ತಿದ್ದರೂ ಆಟಗಾರ ಆ ಪಟ್ಟಿಯನ್ನೇ ದಿಟ್ಟಿಸಿ ಕೂತಿರುತ್ತಾನೆ. ಅದು ಏರದ ಹೊರತು ಮಳೆ ಬಂದಂತಲ್ಲ.

ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದಕ್ಕೆ, ಬೆಂಕಿಯ ಸುಳಿವು ಕೊಡುವ ಬೆಟ್ಟದ ಹೊಗೆಯನ್ನು ಇಷ್ಟು ಶತಮಾನ ದುಡಿಸಿಕೊಂಡದ್ದು ಸಾಕು, ಬೇರೆ ದೃಷ್ಟಾಂತ ಕೊಡುತ್ತೇನೆ. 1992ರ ಆಗಸ್ಟ್ 30, ಇದೇ ಸ್ಪಾ. ರಸ್ತೆ ಒಣಗತೊಡಗಿತ್ತು. ಬೆನೆಟನ್ ತಂಡದ ಮೈಕೆಲ್ ಶುಮಾಕರ್ ಸ್ಟಾವೆಲೊ ತಿರುವಿನಲ್ಲಿ ರಸ್ತೆ ಬಿಟ್ಟು ಹೊರಗೆ ಹೋಗಿ, ತಂಡದ ಜೊತೆಗಾರ ಮಾರ್ಟಿನ್ ಬ್ರಂಡಲ್ ಹಿಂದೆ ಬಂದು ಸೇರಿಕೊಂಡರು. ಬ್ರಂಡಲ್ ಕಾರಿನ ಮಳೆ ಟೈರುಗಳ ಮೇಲೆ ಗುಳ್ಳೆ ಎದ್ದಿರುವುದು ಕಣ್ಣಿಗೆ ಬಿತ್ತು. ಅವನದು ಹೀಗಾದರೆ ನನ್ನದೂ ಹೀಗೇ. ಸೀದಾ ಪಿಟ್‌ಗೆ ಹೋಗಿ ಒಣನೆಲದ ಟೈರು ಹಾಕಿಸಿಕೊಂಡ ಶುಮಾಕರ್ ಬದುಕಿನ ಮೊದಲ ಗ್ರಾನ್ ಪ್ರಿ ಗೆದ್ದರು. ಹೇತು, ವ್ಯಾಪ್ತಿ, ನಿಗಮನ ಎಲ್ಲವೂ ಅಲ್ಲಿವೆ. ನಮ್ಮ ಪಂಥದವರು ಈ ಪ್ರಸಂಗದಿಂದ ಸ್ವೀಕರಿಸಿರುವುದು ಸ್ಟಾವೆಲೊದಲ್ಲಿ ರಸ್ತೆ ಬಿಟ್ಟು ಹೋಗುವ ಭಾಗವನ್ನು ಮಾತ್ರ.

ಉಪಮಾನವನ್ನು ಓದುಗರ ಬಚ್ಚಲುಮನೆಗೇ ಬಿಟ್ಟಿದ್ದೇನೆ.

ಶಬ್ದಪ್ರಮಾಣ ಎರಡು ಬಗೆ. ಒಂದು ಟೈರಿನ ಸದ್ದು. ಒಣನೆಲದಲ್ಲಿ ಟೈರು ಜಾರುವ ಮುಂಚೆ ಕಿರುಚಿ ಎಚ್ಚರಿಸುತ್ತದೆ. ಒದ್ದೆಯಲ್ಲಿ ಕಿರುಚುವುದಿಲ್ಲ, ಹೇಳದೆ ಕೇಳದೆ ಹೊರಟುಬಿಡುತ್ತದೆ. ಇನ್ನೊಂದು ಆಪ್ತವಾಕ್ಯ. ಇದು ಅಡುಗೆಮನೆಯಿಂದ ಬರುತ್ತದೆ.

‘ಮೋಡ ಕಟ್ತಾ ಇದೆ, ಟೆರೇಸ್ ಮೇಲಿನ ಬಟ್ಟೆ ತಗೊಂಡ್ ಬಾರೋ.’

‘ಒಂದ್ ನಿಮಿಷ ಅಮ್ಮ. ಇನ್ನೆರಡು ಲ್ಯಾಪ್ ಮಳೆ ಇಲ್ಲ, ರೇಡಾರ್‌ನಲ್ಲಿ ಕ್ಲಿಯರ್ ಇದೆ.’

‘ಯಾವ್ ರೇಡಾರೋ? ಕಿಟಕಿಯಿಂದ ಆಚೆ ನೋಡು!’

ಕಿಟಕಿಯಿಂದ ಆಚೆ ನೋಡುವುದು ಮೀಮಾಂಸಕನಿಗೆ ವಿಷಯಾಂತರ. ಅದು ಬೇರೆ ಟ್ರ್ಯಾಕ್. ಲ್ಯಾಪ್ ಎರಡಾಗುವಷ್ಟರಲ್ಲಿ ಬೆಡ್‌ಶೀಟುಗಳು, ಒಂದು ಪಂಚೆ, ಅಪ್ಪನ ಆಫೀಸ್ ಶರ್ಟು ಇಂಟರ್‌ಮೀಡಿಯೆಟ್ ಗೆರೆ ದಾಟಿ ಹೆವಿ ವೆಟ್ ತಲುಪಿರುತ್ತವೆ. ಪ್ರತ್ಯಕ್ಷಕ್ಕೂ ಆಪ್ತವಾಕ್ಯಕ್ಕೂ ವಿರೋಧ ಬಂದಾಗ ಯಾವುದು ಗೆಲ್ಲುತ್ತದೆ ಎಂಬ ಬಹುಕಾಲದ ಚರ್ಚೆ ಇಲ್ಲಿಗೆ ಇತ್ಯರ್ಥ. ರಾತ್ರಿ ಊಟದ ಹೊತ್ತಿಗೆ ಅದರ ವಿಸ್ತೃತ ಭಾಷ್ಯವೂ ಸಿಗುತ್ತದೆ.

ಅರ್ಥಾಪತ್ತಿಗೆ ಹಳೆಯ ಉದಾಹರಣೆ ದೇವದತ್ತನದು: ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಎಂದ ಮೇಲೆ ರಾತ್ರಿ ಉಣ್ಣುತ್ತಿರಬೇಕು. ಈಗ ದೇವದತ್ತನ ಕೈಗೆ ಕಂಟ್ರೋಲರ್ ಕೊಡಿ. ಸುತ್ತು ಸುತ್ತಿಗೂ ನಮ್ಮಿಂದ ದೂರ ಹೋಗುತ್ತಿದ್ದಾನೆ. ಅವನ ಕಾರೂ ನಮ್ಮ ಕಾರೂ ಒಂದೇ. ಕೈಚಳಕದಲ್ಲಿ ಅವನು ನಮಗಿಂತ ಮೇಲಲ್ಲ, ಇದು ಚರ್ಚೆಗೆ ಮೀರಿದ್ದು. ಎಂದ ಮೇಲೆ ನಾವು ನೋಡದಿದ್ದಾಗ ಪಿಟ್‌ಗೆ ಹೋಗಿ ಇಂಟರ್‌ಮೀಡಿಯೆಟ್ ಹಾಕಿಸಿಕೊಂಡು ಬಂದಿದ್ದಾನೆ. ಅರ್ಥಾಪತ್ತಿ ಬಹಳ ಸೊಗಸಾದ ಪ್ರಮಾಣ. ಅದರಲ್ಲಿ ಇರುವುದು ಒಂದೇ ದೋಷ, ಪಿಟ್ ದಾರಿ ದಾಟಿದ ಮೇಲೆಯೇ ಹೊಳೆಯುವುದು. ಇನ್ನೊಮ್ಮೆ ಆ ದಾರಿ ಸಿಗಬೇಕಾದರೆ ಒಣನೆಲದ ಸ್ಲಿಕ್ ಟೈರಿನಲ್ಲಿ ಏಳು ಕಿಲೋಮೀಟರ್ ತೆವಳಬೇಕು. ಇದಕ್ಕೆ ಹೆದರಿ ಮೊದಲ ಹನಿಗೇ ಟೈರು ಬದಲಿಸುವ ಪಂಥವೂ ಇದೆ. ಹನಿ ಅಷ್ಟಕ್ಕೇ ನಿಂತು ರಸ್ತೆ ಒಣಗಿದರೆ ಅವರ ಮಳೆ ಟೈರು ಕಾದು ಸವೆದು, ಅವರೂ ತೆವಳುತ್ತಾರೆ.

ಆರನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ ಎಂಬ ಜ್ಞಾನ ಇದರದು. ಸಾಲ ಮಾಡಿ ಸ್ಟೀರಿಂಗ್ ವೀಲ್ ಕೊಂಡವರಿಗೆ ಇದೇ ಪರಮಪ್ರಮಾಣ. ಟೈರು ನೆಲ ಹಿಡಿದಿರುವವರೆಗೆ ವೀಲು ಕೈಗೆ ಎದುರಾಗಿ ಎಳೆಯುತ್ತಿರುತ್ತದೆ. ನೀರಿನ ಮೇಲೆ ತೇಲಿತೋ, ಎಳೆತ ಮಾಯ, ವೀಲು ಹಗುರ. ಗಡಿಗೆ ಇಲ್ಲ. ಆಗ ಬ್ರೇಕ್ ಒತ್ತಬಾರದು, ಇನ್ನಷ್ಟು ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ, ವೀಲನ್ನು ಆದಷ್ಟು ನೆಟ್ಟಗೆ ಹಿಡಿದು, ಭಾರ ಮರಳುವವರೆಗೆ ಸುಮ್ಮನಿರಬೇಕು. ಆ ಅರ್ಧ ಸೆಕೆಂಡಿಗೆ ಬೇಕಾಗುವ ವೈರಾಗ್ಯವನ್ನು ಹುಡುಕಿಕೊಂಡು ಜನ ಹಿಮಾಲಯಕ್ಕೆ ಹೋಗುತ್ತಾರೆ. ನಮ್ಮವನು ವೀಲು ಹಗುರಾದಷ್ಟೂ ಜೋರಾಗಿ ತಿರುಗಿಸುತ್ತಾನೆ. ಟೈರು ಮತ್ತೆ ನೆಲ ಕಚ್ಚಿದಾಗ ಕಾರು ಅವನು ಕೇಳಿದ್ದನ್ನೆಲ್ಲ ಒಟ್ಟಿಗೇ ಕೊಡುತ್ತದೆ, ಬೇಲಿಯ ದಿಕ್ಕಿನಲ್ಲಿ.

ಯಾವ ಗೆರೆಯಲ್ಲಿ ಓಡಿಸಬೇಕು ಎಂಬ ಬಗ್ಗೆ ಒಂದು ಮಾತು. 1993ರ ಏಪ್ರಿಲ್ 11ರಂದು ಇಂಗ್ಲೆಂಡಿನ ಡಾನಿಂಗ್ಟನ್ ಪಾರ್ಕ್‌ನಲ್ಲಿ, ಮಳೆಯ ಒದ್ದೆಯಲ್ಲಿ, ಐದನೇ ಸ್ಥಾನಕ್ಕೆ ಕುಸಿದಿದ್ದ ಫಾರ್ಮುಲಾ ಒನ್ ಚಾಲಕ ಆಯರ್ಟನ್ ಸೆನ್ನಾ ಮೊದಲ ಸುತ್ತು ಮುಗಿಯುವುದರೊಳಗೆ ಎಲ್ಲರನ್ನೂ ದಾಟಿಬಿಟ್ಟರು. ಎಲ್ಲರೂ ಓಡಿಸಿ ರಬ್ಬರು ಮೆತ್ತಿ ನುಣುಪಾದ ಗೆರೆ ಮಳೆಯಲ್ಲಿ ಜಾರುತ್ತದೆ, ಆದ್ದರಿಂದ ಅದನ್ನು ಬಿಟ್ಟು ಒರಟು ನೆಲ ಹುಡುಕಬೇಕು ಎಂಬುದು ಬಲ್ಲವರ ಮಾತು, ನಿಜವೂ ಹೌದು. ಆ ಸುತ್ತಿನ ವಿಡಿಯೊ ನೋಡಿದ ದಿನದಿಂದ ಕೆಲವರು ಸಿಕ್ಕ ಸಿಕ್ಕ ಗೇಮಿನಲ್ಲೆಲ್ಲ ತಿರುವಿನ ಹೊರ ಅಂಚು ಹಿಡಿದು ಓಡಿಸುತ್ತಾರೆ. ಸೆನ್ನಾ ಓಡಿಸಿದ್ದು ಡಾಂಬರಿನ ಮೇಲೆ. ಇವರು ಓಡಿಸುತ್ತಿರುವುದು ಪ್ರೋಗ್ರಾಮರ್ ಬರೆದ ಕೋಷ್ಟಕದ ಮೇಲೆ. ಅದರಲ್ಲಿ ರಬ್ಬರಿಗೆ ಒಂದು ಕಾಲಂ ಇದೆಯೋ ಇಲ್ಲವೋ ಎಂದು ವಿಚಾರಿಸದೆ ಹೊರಟವರು ಹೊರ ಅಂಚಿನ ಕೊಚ್ಚೆಯಲ್ಲಿ ಭಕ್ತಿಯಿಂದ ಈಜುತ್ತಿರುತ್ತಾರೆ.

ಕೊನೆಯ ಪೂರ್ವಪಕ್ಷ ಪುನರ್ಜನ್ಮವಾದಿಗಳದು. ಇಷ್ಟೆಲ್ಲ ಯಾಕೆ, ಜಾರಿದರೆ ರೇಸ್ ಬಿಟ್ಟು ಮತ್ತೆ ಶುರು ಮಾಡಿದರಾಯಿತು ಎನ್ನುತ್ತಾರೆ. ಆಟದ ಲ ಮಾನ್ ಟ್ರ್ಯಾಕಿನ ಅರ್ಧ ಗಂಟೆಯ ರೇಸಿನಲ್ಲಿ ಮಳೆ ಪ್ರತಿ ಸಲವೂ ಒಂದೇ ತರ ಇರುವುದಿಲ್ಲ. ಹಾಗಾಗಿ ಮೋಡವಿಲ್ಲದ ಜನ್ಮ ಸಿಗುವವರೆಗೆ ಸಾಯುತ್ತಾ ಹುಟ್ಟುತ್ತಾ ಇರುವುದೇ ಅವರ ಸಾಧನೆ. ತತ್ತ್ವವಾಗಿ ಇದನ್ನು ಖಂಡಿಸಲು ನನ್ನಿಂದಾಗಿಲ್ಲ. ಆದರೆ ಆನ್‌ಲೈನ್ ರೇಸಿನಲ್ಲಿ ಇರುವುದು ಒಂದೇ ಜನ್ಮ, ಮತ್ತು ನಮ್ಮ ಹಿಂದಿನ ಬಂಪರಿಗೆ ಮೂತಿ ತಾಗಿಸಿಕೊಂಡು ಬರುತ್ತಿರುವವನು ಇನ್ನೂ ಸ್ಲಿಕ್ ಟೈರಿನಲ್ಲೇ ಇದ್ದಾನೆ.

ಇನ್ನು ಫಲಶ್ರುತಿ. ರೇಸ್ ಲೋಡ್ ಆಗುವ ಹೊತ್ತಿನಲ್ಲಿ ಇದನ್ನು ಓದಿದವರಿಗೆ ಮುಂದಿನ ಕಾರಿನ ತುಂತುರು ತೆಳುವಾಗುವುದು, ಪಿಟ್ ದಾರಿಗೆ ಮುಂಚೆಯೇ ಅರ್ಥಾಪತ್ತಿ ಹೊಳೆಯುವುದು, ಕ್ಲೀನ್ ರೇಸ್ ಬೋನಸ್ ಪ್ರಾಪ್ತವಾಗುವುದು. ಸ್ಪಾದ ಒಂದು ಗಂಟೆಯ ರೇಸಿನ ಐವತ್ತೆಂಟನೇ ನಿಮಿಷದಲ್ಲಿ, ಹೊರಗೆ ಸುರಿಯುವ ಅಸಲಿ ಮಳೆಗೆ ಮನೆಯ ಕರೆಂಟ್ ಹೋದವರಿಗೆ ಮಾತ್ರ ಈ ಫಲಗಳು ಅನ್ವಯಿಸುವುದಿಲ್ಲ. ಓಡುತ್ತಿರುವ ರೇಸನ್ನು ನಡುದಾರಿಯಲ್ಲಿ ಸೇವ್ ಮಾಡುವ ವಿಧಿಯನ್ನು ಆಟ ಬಿಡುಗಡೆಯಾದಾಗ ಪಾಲಿಫನಿಯವರು ಉಪದೇಶಿಸಿರಲಿಲ್ಲ.