ಬರುವ ಸೋಮವಾರದಿಂದ

ಜನವರಿ ಮೊದಲ ವಾರದಲ್ಲಿ ಯಾರ ಮನೆಗೂ ಕಾಫಿಗೆ ಹೋಗಬಾರದು. ಹೋದರೆ ಸಕ್ಕರೆಯಿಲ್ಲದ ಕಾಫಿ ಕೈಗಿಟ್ಟು, "ಈ ವರ್ಷದಿಂದ ಬಿಟ್ಟುಬಿಟ್ವಿ" ಅನ್ನುತ್ತಾರೆ. ಬಿಟ್ಟವರು ಅವರು, ಮುಖ ಕಿವುಚಿಕೊಳ್ಳಬೇಕಾದವರು ನಾವು. ಎರಡು ವಾರ ತಾಳಿ ಹೋಗುವುದೇ ಜಾಣತನ. ಅಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತದೆ. ತಟ್ಟೆ ತುಂಬ ಸಕ್ಕರೆ ಅಚ್ಚಿನ ಗಿಳಿ, ನವಿಲು, ತುಳಸಿಕಟ್ಟೆಗಳೆಲ್ಲ ಬಂದು ಕೂತಿರುತ್ತವೆ. ಹದಿನೈದು ದಿನದೊಳಗೆ ಇಂಥ ಹಬ್ಬ ಇಟ್ಟುಕೊಂಡ ನಾಡಿನಲ್ಲಿ ಜನವರಿ ಒಂದಕ್ಕೆ ಸಕ್ಕರೆ ಬಿಡುವವರ ಎದೆಗಾರಿಕೆಗೆ ಕೈಮುಗಿಯಬೇಕು.

ಇದು ನಮ್ಮೊಬ್ಬರ ಚಾಳಿಯಲ್ಲ ಅನ್ನುವುದಕ್ಕೆ ಅಮೆರಿಕದಿಂದಲೇ ಸಾಕ್ಷಿ ಇದೆ. 1980ರ ದಶಕದಲ್ಲಿ ಜಾನ್ ನಾರ್‌ಕ್ರಾಸ್ ಎಂಬ ಮನಶ್ಶಾಸ್ತ್ರಜ್ಞರು ಹೊಸ ವರ್ಷದ ಶಪಥ ಮಾಡಿದವರ ಬೆನ್ನು ಹತ್ತಿದರು. ಎರಡು ವರ್ಷ ಬಿಡಲಿಲ್ಲ. ಒಂದು ವಾರ ಮುಗಿದಾಗ ಶೇ. 77 ಮಂದಿ ಕೊಟ್ಟ ಮಾತಿಗೆ ನಿಂತಿದ್ದರು. ಎರಡು ವರ್ಷ ಮುಗಿದಾಗ ಉಳಿದವರು ಶೇ. 19. ಎಲ್ಲರೂ ಈ ಲೆಕ್ಕ ಕೇಳಿ ನಗುತ್ತಾರೆ. ನನಗೆ ಆಶ್ಚರ್ಯ ಆ ಹತ್ತೊಂಬತ್ತರ ಬಗ್ಗೆಯೇ. ಐವರಲ್ಲಿ ಒಬ್ಬರು ಎರಡು ವರ್ಷ ನಿಂತರಂತೆ! ಅಂಥವರಲ್ಲಿ ಒಬ್ಬರಾದರೂ ನಮ್ಮ ಬೀದಿಯಲ್ಲಿ ಬಾಡಿಗೆಗೆ ಬರಬಾರದೇ?

ಹೊಸದಾಗಿ ಶುರುವಾಗುವುದು ಯಾವುದೇ ಇರಲಿ, ಮನುಷ್ಯನಿಗೆ ಒಮ್ಮೆಲೇ ಹುರುಪು ಬರುತ್ತದೆ. ಹೆಂಗ್‌ಚೆನ್ ಡೈ, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಮೂವರು 2014ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ವಾರದ ಶುರುವಿಗೆ, ತಿಂಗಳ ಶುರುವಿಗೆ, ವರ್ಷದ ಶುರುವಿಗೆ ಗೂಗಲ್‌ನಲ್ಲಿ ಡಯಟ್ ಹುಡುಕುವವರು ಹೆಚ್ಚು, ಜಿಮ್ಮಿನ ಬಾಗಿಲು ತಟ್ಟುವವರೂ ಹೆಚ್ಚು. ಪಾಪ, ಅವರ ಕ್ಯಾಲೆಂಡರಿನಲ್ಲಿ ಶುರುಗಳು ಅಷ್ಟೇ. ನಮ್ಮ ಪಂಚಾಂಗ ನೋಡಿದ್ದರೆ ಮೂವರೂ ಬೆಚ್ಚಿಬೀಳುತ್ತಿದ್ದರು. ಜನವರಿ ತಪ್ಪಿತೋ, ಯುಗಾದಿ ಇದೆ. ಯುಗಾದಿಯ ಒಬ್ಬಟ್ಟಿನಲ್ಲಿ ಡಯಟ್ ಮುಳುಗಿತೋ, ಅಕ್ಷಯ ತೃತೀಯ ಇದೆ. ಆಮೇಲೆ ಆಷಾಢ, ಒಳ್ಳೆಯ ಕೆಲಸ ಶುರು ಮಾಡುವ ಹಾಗಿಲ್ಲ. ಶ್ರಾವಣ ತುಂಬ ಹಬ್ಬ, ತಿನ್ನದಿದ್ದರೆ ದೇವರಿಗೇ ಬೇಜಾರು. ಪಿತೃಪಕ್ಷ ಕಳೆದು ವಿಜಯದಶಮಿ ಬಂತು ಅನ್ನುವಷ್ಟರಲ್ಲಿ ದೀಪಾವಳಿ, ಅದರ ಹಿಂದೆಯೇ ಧನುರ್ಮಾಸದ ಹುಗ್ಗಿ. ಅಲ್ಲಿಗೆ ಜನವರಿ ಮತ್ತೆ ಹೊಸ್ತಿಲಲ್ಲಿ. ಹಬ್ಬಗಳ ಗೊಡವೆಯೇ ಬೇಡ, ಬರುವ ಸೋಮವಾರ ಬೆಳಿಗ್ಗೆ ಶುರು ಮಾಡೋಣ ಅಂದರೆ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ!

ಈ ವಿದ್ಯೆಯಲ್ಲಿ ನಮ್ಮ ಭಾವನವರನ್ನು ಮೀರಿಸುವವರಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಊರವರ ಲೆಕ್ಕ ಬರೆದು ನಿವೃತ್ತರಾದವರು. ಈಗ ತಮ್ಮದೇ ಬದುಕಿನ ಲೆಕ್ಕಕ್ಕೆ ಪ್ರತಿ ಡಿಸೆಂಬರಿನಲ್ಲಿ ಹೊಸ ಡೈರಿ ತರುತ್ತಾರೆ. ಜನವರಿ ಒಂದರ ಪುಟ ನೋಡಿದರೆ ಮೈ ಜುಮ್ಮೆನ್ನುತ್ತದೆ. ಐದಕ್ಕೆ ಏಳುವುದು, ವಾಕಿಂಗ್, ಪ್ರಾಣಾಯಾಮ, ಹತ್ತು ಕಿಲೋ ಇಳಿಸುವುದು, ಗದುಗಿನ ಭಾರತವನ್ನು ಪೂರ್ತಿ ಓದುವುದು, ಸದಾ ಸಂತೋಷವಾಗಿರುವುದು, ಕೋಪ ಬಿಡುವುದು. ಐದಕ್ಕೆ ಎಬ್ಬಿಸಿದ್ದಕ್ಕೆ ಅಕ್ಕನ ಮೇಲೆ ರೇಗಿದಾಗ ಮೊದಲನೆಯದೂ ಕೊನೆಯದೂ ಒಟ್ಟಿಗೇ ಹೋದವು. ಫೆಬ್ರವರಿಯ ಪುಟಗಳಲ್ಲಿ ಹಾಲಿನ ಲೆಕ್ಕ ಇದೆ. ಮಾರ್ಚಿನಲ್ಲಿ ಗ್ಯಾಸ್ ಬುಕ್ ಮಾಡಿದ ತಾರೀಕು. ಆಮೇಲಿನ ಪುಟಗಳನ್ನು ಮೊಮ್ಮಗಳು ಬಣ್ಣದ ಪೆನ್ಸಿಲ್ಲಿನಿಂದ ತುಂಬಿದ್ದಾಳೆ. ಇಡೀ ಡೈರಿಯಲ್ಲಿ ಸಂತೋಷ ಕಾಣುವುದು ಅಲ್ಲೇ.

"ಏನ್ ಭಾವ, ಬರೆದಿದ್ದಕ್ಕೂ ಮಾಡಿದ್ದಕ್ಕೂ ತಾಳೆ ಬೀಳ್ತಾ ಇಲ್ವಲ್ಲ?" ಅಂದೆ.

"ಬರೆಯೋದೇ ಮುಖ್ಯ ಕಣೋ. 1953ರಲ್ಲಿ ಯೇಲ್ ಯೂನಿವರ್ಸಿಟೀಲಿ ಗುರಿ ಬರೆದಿಟ್ಟುಕೊಂಡೋರು ಶೇಕಡ ಮೂರು ಜನ ಮಾತ್ರ. ಇಪ್ಪತ್ತು ವರ್ಷ ಆದಮೇಲೆ ನೋಡಿದ್ರೆ ಉಳಿದ ತೊಂಬತ್ತೇಳು ಜನರ ಆಸ್ತಿ ಎಲ್ಲ ಸೇರಿಸಿದ್ರೂ ಈ ಮೂರು ಜನರದ್ದೇ ಜಾಸ್ತಿ!"

ಭಾಷಣಕಾರರು ದಶಕಗಳಿಂದ ವೇದಿಕೆಯ ಮೇಲೆ ಉರುಳಿಸುತ್ತ ಬಂದಿರುವ ಕಥೆ ಇದು. ಇದರಲ್ಲಿ ಇರುವ ತೊಂದರೆ ಒಂದೇ, ಅಂಥ ಅಧ್ಯಯನ ನಡೆದೇ ಇಲ್ಲ. ಯೇಲ್‌ನವರೇ ಹುಡುಕಿ ಹುಡುಕಿ ಕೈಚೆಲ್ಲಿದರು. ಭಾವನವರಿಗೆ ಇದನ್ನು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ನಡೆದಿದ್ರೆ ಹಾಗೇ ಆಗ್ತಿತ್ತು" ಅಂದರು.

ಭಾವನವರ ಬೀರುವಿನಲ್ಲಿ ಸೊಂಟದ ಅಳತೆ ನಾಲ್ಕು ಇಂಚು ಕಡಿಮೆ ಇರುವ ಪ್ಯಾಂಟೊಂದಿದೆ. ಬೆಲೆಚೀಟಿಯನ್ನೂ ಕಿತ್ತಿಲ್ಲ. ತೆಳ್ಳಗಾದ ಮೇಲೆ ಹಾಕಿಕೊಳ್ಳುವುದಕ್ಕಂತೆ. ಆಗಾಗ ಅದನ್ನು ತೆಗೆದು ನೋಡಿ, ಬೀಗರ ಮನೆಯ ಮದುವೆಯಲ್ಲಿ ಇನ್‌ಶರ್ಟ್ ಮಾಡಿಕೊಂಡು ಓಡಾಡುವುದನ್ನು ಕಣ್ಣಮುಂದೆ ತಂದುಕೊಂಡು ಮರಳಿ ಮಡಚಿಡುತ್ತಾರೆ. ಇದಕ್ಕೆ ಗಾಬ್ರಿಯೆಲೆ ಓಟಿಂಗೆನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆಯ ಬಳಿ ಉತ್ತರ ಇದೆ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಹೆಂಗಸರ ಮೇಲೆ ಅವರು ಥಾಮಸ್ ವಾಡೆನ್ ಜೊತೆ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ತೆಳ್ಳಗಾದ ಮೇಲಿನ ಬದುಕನ್ನು ಸೊಗಸಾಗಿ ಕನಸು ಕಂಡವರು, ಕಷ್ಟಗಳನ್ನು ಕಲ್ಪಿಸಿಕೊಂಡವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿದಿದ್ದರು. ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಸವಿಗನಸು ಕಾಣುವಾಗ ರಕ್ತದೊತ್ತಡ ತುಸು ಇಳಿಯುತ್ತದೆ. ಮನಸ್ಸು ಊರು ಸೇರಿಯೇಬಿಟ್ಟಿತು ಅಂದುಕೊಂಡು ಮೈ ಸಡಿಲಬಿಡುತ್ತದೆ. ಬಸ್ಸು ಇನ್ನೂ ಮೆಜೆಸ್ಟಿಕ್ ಬಿಟ್ಟೇ ಇರುವುದಿಲ್ಲ.

ಓಟಿಂಗೆನ್ ಅವರ ಪತಿ ಪೀಟರ್ ಗೋಲ್‌ವಿಟ್ಸರ್ ಕೂಡ ಇದೇ ಕಸುಬಿನವರು. ಮಾಡಬೇಕೆಂದಿರುವುದನ್ನು ನಾಲ್ಕು ಜನರ ಮುಂದೆ ಸಾರುವವರ ಕಥೆ ಏನಾಗುತ್ತದೆ ಅಂತ ಅವರು ನೋಡಿದರು. ಒಳ್ಳೆಯ ವಕೀಲರಾಗುವ ಉದ್ದೇಶವನ್ನು ಇನ್ನೊಬ್ಬರು ಓದಿ ಗಮನಿಸಿದ ಕಾನೂನು ವಿದ್ಯಾರ್ಥಿಗಳು, ಉದ್ದೇಶವನ್ನು ಯಾರೂ ಗಮನಿಸದೆ ಬಿಟ್ಟವರಿಗಿಂತ ಕಡಿಮೆ ಕೆಲಸ ಮಾಡಿದರು ಎಂದು ಅವರ ತಂಡ 2009ರಲ್ಲಿ ಬರೆಯಿತು. ಹೊಗಳಿಕೆ ಮುಂಗಡವಾಗಿ ಸಿಕ್ಕ ಮೇಲೆ ಮೈ ಯಾಕೆ ಬಗ್ಗಬೇಕು? ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾವನವರು "ಇಂದಿನಿಂದ ಪ್ರತಿದಿನ ವಾಕಿಂಗ್" ಅಂತ ಹಾಕಿದ ಐದು ನಿಮಿಷದಲ್ಲಿ ಹದಿನೆಂಟು ಚಪ್ಪಾಳೆ, ಏಳು ನಮಸ್ಕಾರ, ಹುಬ್ಬಳ್ಳಿಯಿಂದ ಒಂದು ಹೂಗುಚ್ಛದ ಚಿತ್ರ ಬಂದವು. ಅವಕ್ಕೆಲ್ಲ ಒಂದೊಂದಾಗಿ ಧನ್ಯವಾದ ಹೇಳಿ ಮುಗಿಸುವಷ್ಟರಲ್ಲಿ ಬಿಸಿಲೇರಿತ್ತು.

ಗೋಲ್‌ವಿಟ್ಸರ್ ತಂದ ಮದ್ದು ಎಷ್ಟು ಸಪ್ಪೆ ಅಂದರೆ, ಯಾವ ಭಾಷಣಕಾರನೂ ಅದನ್ನು ಮಾರಲಾರ. ಕ್ರಿಸ್‌ಮಸ್ ಮುನ್ನಾದಿನ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ವರದಿ ಬರೆದು ಕಳಿಸಿ ಎಂದು ಜರ್ಮನಿಯ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧ ಮಂದಿಗೆ ಇನ್ನೊಂದು ಮಾತು ಸೇರಿಸಿದರು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಕೂತು ಬರೆಯುತ್ತೀರಿ, ಅದನ್ನು ಈಗಲೇ ತೀರ್ಮಾನಿಸಿ. ಅಷ್ಟೇ. ಹಾಗೆ ತೀರ್ಮಾನಿಸಿದವರಲ್ಲಿ ಶೇ. 71 ಮಂದಿ ಹೊತ್ತಿಗೆ ಸರಿಯಾಗಿ ಬರೆದರು, ಉಳಿದವರಲ್ಲಿ ಶೇ. 32. ಇದು 1997ರ ಮಾತು. ಆಮೇಲೆ ಹೆಂಡತಿಯ ಪಾಠವನ್ನೂ ಗಂಡನ ಪಾಠವನ್ನೂ ಒಂದು ಮಾಡಿದರು. ಆಸೆ ಏನು ಕೇಳಿಕೋ, ಸಿಕ್ಕರೆ ಏನು ಚಂದ ನೋಡಿಕೋ, ಅಡ್ಡ ಬರುವ ನಿನ್ನದೇ ಗುಣ ಯಾವುದು ಹುಡುಕು, ಅದು ಅಡ್ಡ ಬಂದ ಗಳಿಗೆಯಲ್ಲಿ ಏನು ಮಾಡುತ್ತೀ ಅಂತ ಮೊದಲೇ ಗೊತ್ತುಮಾಡಿಕೋ. ಹೆಂಡತಿ ಹಗಲುಗನಸು ಒಡೆಯುವುದನ್ನು ಶೋಧಿಸಿದರು, ಗಂಡ ಕೆಲಸಕ್ಕೆ ಹಚ್ಚುವುದನ್ನು. ನಮ್ಮ ಕಡೆ ಎರಡು ಖಾತೆಯೂ ಹೆಂಡತಿಯದೇ.

ಹೊತ್ತು, ಜಾಗ ಗೊತ್ತುಮಾಡಿಕೊಳ್ಳುವ ಮಾತು ಬಂದಾಗ ನಮ್ಮ ಪುರೋಹಿತರು ನೆನಪಾಗುತ್ತಾರೆ. ಸತ್ಯನಾರಾಯಣ ಪೂಜೆಗೆ ಕೂತವನ ಕೈಗೆ ಅಕ್ಷತೆ ಕೊಟ್ಟು ಸಂಕಲ್ಪ ಹೇಳಿಸುವಾಗ ಅವರು ಯಾವುದನ್ನೂ ಗಾಳಿಗೆ ಬಿಡುವುದಿಲ್ಲ. ದ್ವೀಪ, ವರ್ಷ, ಖಂಡ, ನದಿಯ ಯಾವ ದಡ, ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಕೂತವನ ಗೋತ್ರ. ಇಷ್ಟಾದ ಮೇಲೆ ಪೂಜೆ. ಯಾವ ಪುರೋಹಿತರೂ "ಬರುವ ತಿಂಗಳಿಂದ ನೋಡೋಣ" ಅಂತ ಸಂಕಲ್ಪ ಮಾಡಿಸಿದ್ದನ್ನು ನಾನು ಕೇಳಿಲ್ಲ. ನೀರು ಬಿಟ್ಟ ಕೂಡಲೇ ಕೆಲಸ ಶುರು. ಇದನ್ನು ಬರೆದ ತಪ್ಪಿಗೆ, "ಜರ್ಮನ್ನರಿಗಿಂತ ಮೊದಲೇ ನಮ್ಮ ಋಷಿಗಳು ಮನಶ್ಶಾಸ್ತ್ರ ಕಂಡುಹಿಡಿದಿದ್ದರು, ಹತ್ತು ಜನಕ್ಕೆ ಕಳಿಸಿ" ಎಂಬ ಸಂದೇಶವೊಂದು ನನಗೇ ವಾಪಸು ಬರುವುದು ಗ್ಯಾರಂಟಿ. ಕಳಿಸುವವರಿಗೆ ಒಂದೇ ಪ್ರಶ್ನೆ. ದೇವರ ಮುಂದೆ ಇಷ್ಟು ಕರಾರುವಾಕ್ಕಾಗಿರುವ ನಾವು ವಾಕಿಂಗಿಗೆ ಬಂದಾಗ "ನೋಡೋಣ, ಬೆಳಿಗ್ಗೆ ಆಗಲಿ" ಅನ್ನುವುದೇಕೆ?

"ಕೈಲಾದಷ್ಟು ಮಾಡ್ತೀನಿ" ಅನ್ನುವುದು ವಿನಯದ ಮಾತು ಅಂದುಕೊಂಡಿದ್ದೇವೆ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಎಂಬ ಇಬ್ಬರು ಆ ಮಾತಿನ ಮರ್ಯಾದೆ ಕಳೆದರು. ಅಮೆರಿಕದ ಒಕ್ಲಹಾಮಾದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಯವರು ಕಾನೂನು ಒಪ್ಪುವ ಭಾರದ ಸುಮಾರು ಶೇ. 60ರಷ್ಟನ್ನು ಮಾತ್ರ ಹೇರುತ್ತಿದ್ದರು. ಕೈಲಾದಷ್ಟು! ಅವರಿಗೆ ಶೇ. 94 ಎಂಬ ಗುರಿ ಕೊಟ್ಟು ನೋಡಿದರು ಲೇಥಮ್. ಸಂಬಳ ಒಂದು ಕಾಸೂ ಏರಿಸಲಿಲ್ಲ, ಹೇರು ಮಾತ್ರ ಶೇ. 90ರ ಆಸುಪಾಸಿಗೆ ಏರಿತು. 1975ರಲ್ಲಿ ಅಚ್ಚಾದ ಈ ಅಧ್ಯಯನವನ್ನು ನಮ್ಮ ಮರಳು ಲಾರಿಯವರಿಗೆ ದಯವಿಟ್ಟು ಯಾರೂ ತೋರಿಸಬೇಡಿ. ಅವರು ಯಾವ ಮನಶ್ಶಾಸ್ತ್ರಜ್ಞನ ಹಂಗೂ ಇಲ್ಲದೆ ನೂರು ದಾಟಿ ಬಹಳ ಕಾಲವಾಗಿದೆ.

ಹಾಗಂತ ಅಂಕಿಯೊಂದನ್ನು ಹಿಡಿದರೆ ಉದ್ಧಾರ ಅಂದುಕೊಂಡರೂ ಫಜೀತಿ. ಮಗ ಕೊಡಿಸಿದ ಗಡಿಯಾರ ಹತ್ತು ಸಾವಿರ ಹೆಜ್ಜೆ ಕೇಳುತ್ತದೆ ಅಂತ ಭಾವನವರು ರಾತ್ರಿ ಹನ್ನೊಂದಕ್ಕೆ ಊಟದ ಮೇಜಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಅದೂ ಸಾಲದಿದ್ದರೆ ಸೋಫಾದಲ್ಲಿ ಕೂತು, ಕೈ ಬೀಸುತ್ತ ಧಾರಾವಾಹಿ ನೋಡುತ್ತಿದ್ದರು. ಆ ಹತ್ತು ಸಾವಿರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಂಗಡಿಯಲ್ಲಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಹತ್ತು ಸಾವಿರ ಹೆಜ್ಜೆಯ ಹೆಸರಿಟ್ಟು ಮಾರಿತು. ಹಾರ್ವರ್ಡಿನ ಐ-ಮಿನ್ ಲೀ ಅವರ ತಂಡ 2019ರಲ್ಲಿ ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಅಮೆರಿಕದ ಮಹಿಳೆಯರ ಲೆಕ್ಕ ಪ್ರಕಟಿಸಿತು. ದಿನಕ್ಕೆ 2,700 ಹೆಜ್ಜೆ ಹಾಕಿದವರಿಗಿಂತ 4,400 ಹಾಕಿದವರಲ್ಲಿ ಸಾವು ಸಾಕಷ್ಟು ಕಡಿಮೆ ಇತ್ತು. ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ಕೇಳಿದ ದಿನ ಭಾವನವರ ಮುಖ ನೋಡಬೇಕಿತ್ತು, ಸಾಲ ಮನ್ನಾ ಆದವರ ಕಳೆ.

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸ ಆಗಿಬಿಡುತ್ತದೆ ಎಂಬುದೂ ಇದೇ ಜಾತಿಯದು. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಹೊಸ ಮೂಗಿಗೆ ರೋಗಿಗಳು ಒಗ್ಗಿಕೊಳ್ಳಲು ಅಷ್ಟು ದಿನವಾದರೂ ಬೇಕು ಅಂದಿದ್ದರು ಅವರು. ಮೂಗಿನ ಲೆಕ್ಕ ಸೂರ್ಯನಮಸ್ಕಾರಕ್ಕೆ ಬಂತು! ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ಕಣ್ಣಿಟ್ಟು ನೋಡಿದಾಗ, ಅಭ್ಯಾಸ ಮೈಗೂಡಲು ಬೇಕಾದದ್ದು 18 ದಿನದಿಂದ 254 ದಿನ, ನಡುವಣ ಲೆಕ್ಕ 66. ಒಂದು ದಿನ ತಪ್ಪಿದರೆ ಮುಳುಗಿಹೋಗುವುದೇನೂ ಇಲ್ಲ ಅಂತಲೂ ಅವರೇ ಹೇಳಿದರು. ನಾವೋ, ಒಂದು ದಿನ ತಪ್ಪಿದರೆ "ವ್ರತಭಂಗ ಆಯ್ತು, ಇನ್ನು ಯುಗಾದಿಗೆ" ಅಂತ ಬೋಂಡ ತರಿಸುತ್ತೇವೆ.

ಇಷ್ಟೆಲ್ಲ ಆದಮೇಲೂ, ಗುರಿ ಮುಟ್ಟಿದವನು ಖುಷಿಯಾಗಿರುತ್ತಾನೆಯೇ? ಕೆನಾನ್ ಶೆಲ್ಡನ್ ಮತ್ತು ಆಂಡ್ರ್ಯೂ ಎಲಿಯಟ್ 1999ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿತು. ಒಳಗಿನಿಂದ ಬಂದ ಗುರಿಗೆ ಜನ ಹೆಚ್ಚು ದಿನ ದುಡಿಯುತ್ತಾರೆ, ಮುಟ್ಟಿದಾಗ ಹೆಚ್ಚು ನೆಮ್ಮದಿ ಪಡೆಯುತ್ತಾರೆ. ಇನ್ನೊಬ್ಬರ ಕಣ್ಣಿಗಾಗಿ ಇಟ್ಟುಕೊಂಡದ್ದನ್ನು ಮುಟ್ಟಿದರೂ ಅಷ್ಟು ಹಿಗ್ಗು ಇರುವುದಿಲ್ಲ. ಇದನ್ನು ಓದಿದ ಮೇಲೆ ಭಾವನವರ ಡೈರಿಯನ್ನು ಇನ್ನೊಮ್ಮೆ ತಿರುವಿದೆ. ಐದಕ್ಕೆ ಏಳುವುದು ಟೀವಿಯ ಗುರೂಜಿಯದು. ಪ್ರಾಣಾಯಾಮ ಎದುರುಮನೆಯವರದು. ಹತ್ತು ಕಿಲೋ ಷಡ್ಡಕನದು. ಆತ ಹೋದ ವರ್ಷ ಅಷ್ಟು ಇಳಿದು ಬಂದು ಎಲ್ಲರ ಮುಂದೆ ಬೆಲ್ಟಿನ ಹೊಸ ತೂತು ತೋರಿಸಿ ಹೋಗಿದ್ದ. ಭಾವನವರದೇ ಅನ್ನಿಸುವುದು ಗದುಗಿನ ಭಾರತ ಒಂದೇ. ಅವರ ತಂದೆ ಗಮಕ ವಾಚನ ಮಾಡುತ್ತಿದ್ದರು. ಕರೆಂಟು ಹೋದ ರಾತ್ರಿ ಭಾಮಿನಿ ಷಟ್ಪದಿಯನ್ನು ಗುನುಗುವಾಗ ಭಾವನವರ ಮುಖ ನೋಡಿದವರಿಗೆ ಬೇರೆ ಪುರಾವೆ ಬೇಡ.

ಅಕ್ಕ ಮನಶ್ಶಾಸ್ತ್ರ ಓದಿದವಳಲ್ಲ. ಡೈರಿ ಇಸಿದುಕೊಂಡು, ಎರಡು ಬಿಟ್ಟು ಉಳಿದದ್ದಕ್ಕೆಲ್ಲ ಗೀಟು ಹಾಕಿದಳು.

"ನೋಡಿ, ರಾತ್ರಿ ಊಟದ ತಟ್ಟೆ ಎತ್ತಿದ ಕೂಡ್ಲೇ ನಿಮ್ಮ ಕುರ್ಚೀಲಿ ಕೂತು ಹತ್ತು ಪದ್ಯ. ನಾನು ಪಾತ್ರೆ ತೊಳೀತಾ ಕೇಳ್ತೀನಿ, ಜೋರಾಗಿ ಓದ್ಬೇಕು. ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದ ಕೂಡ್ಲೇ ಹಾಲು ಒಳಗಿಡೋದು, ಚಪ್ಪಲಿ ಮೆಟ್ಟೋದು, ಹೊರಡೋದು. ಡಾಕ್ಟ್ರು ನಡೀರಿ ಅಂದಿದ್ದಾರೆ ಅಷ್ಟೇ, ಕಿಲೋ ಲೆಕ್ಕ ಯಾರೂ ಕೇಳಿಲ್ಲ."

ಭಾವನವರು ಇಷ್ಟು ಸುಲಭಕ್ಕೆ ಸಿಕ್ಕಿಬೀಳುವವರಲ್ಲ. ಕನ್ನಡಕ ಸರಿಮಾಡಿಕೊಂಡು, "ಹಾಲಿನವನು ಬರದೇ ಇದ್ದ ದಿನ?" ಅಂದರು.

"ಅವತ್ತು ಹಾಲು ತರೋಕೆ ಬೂತಿಗೆ ನೀವೇ ಹೋಗ್ಬೇಕಲ್ರೀ. ಬರ್ತಾ ಎರಡು ಕಟ್ಟು ಕರಿಬೇವೂ ತನ್ನಿ."