ಫಾರ್ಮ್ಯಾಟ್ ಮಾಸ್ತರು

ತಾಳಿಕೋಟೆಯಲ್ಲಿ ಕಂಪ್ಯೂಟರ್ ಕೆಟ್ಟವರು ಮೊದಲು ಅಂಗಡಿಗೆ ಹೋಗುತ್ತಾರೆ. ಅಂಗಡಿಯವ "ಹಳೇದಾತ್ರಿ, ಹೊಸಾದು ತಗೋರಿ" ಎಂದ ಮೇಲೆ ಮಾಸ್ತರ ಮನೆಗೆ ಬರುತ್ತಾರೆ. ಇಂಥ ಮಾಸ್ತರು ಮುದ್ದೇಬಿಹಾಳ, ಸಿಂದಗಿ, ಇಂಡಿಯಲ್ಲೂ ಹುಡುಕಿದರೆ ಸಿಕ್ಕಾರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವುದು ಅವರ ವೃತ್ತಿ. ಕಂಡವರ ಹಾರ್ಡ್ ಡಿಸ್ಕಿಗೆ ಲಿನಕ್ಸ್ ಹಾಕುವುದು ವ್ರತ. ಊರು ಅವರನ್ನು 'ಫಾರ್ಮ್ಯಾಟ್ ಮಾಸ್ತರು' ಎಂದು ಕರೆಯುತ್ತದೆ. ಅವರು ಜಗತ್ತಿನಲ್ಲಿ ಹೆದರುವುದು ಆ ಒಂದು ಶಬ್ದಕ್ಕೇ.

ವ್ರತ ಹಿಡಿಸಿದ್ದು ಸರ್ಕಾರಿ ತರಬೇತಿ. 2011ರಿಂದ ಕೆಲವು ವರ್ಷ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 'ವಿಷಯ ಶಿಕ್ಷಕರ ವೇದಿಕೆ' ನಡೆಸಿದವು. ಪ್ರೌಢಶಾಲಾ ಶಿಕ್ಷಕರು ಉಬುಂಟು ಎಂಬ ಲಿನಕ್ಸ್, ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಕಲಿತರು. ಉಳಿದವರು ಪ್ರಮಾಣಪತ್ರ ಕಪಾಟಿನಲ್ಲಿಟ್ಟು ಮರೆತರು. ಇವರಿಗೆ ಮಾತ್ರ ಅದು ತಲೆಗೇರಿತು.

ಗಿರಾಕಿ ಬಂದ ಕೂಡಲೇ ವಿಚಾರಣೆ ಶುರು.

"ಒಳಗ ಏನೇನ್ ಅದಾವ?"

"ಏನೂ ಇಲ್ರಿ ಸರ. ಎಲ್ಲಾ ಅಳಿಸಿ ಹಾಕ್ರಿ."

ಈ 'ಏನೂ ಇಲ್ಲ'ವನ್ನು ಮಾಸ್ತರು ನಂಬುವವರಲ್ಲ. ಪೆನ್‌ಡ್ರೈವ್ ಚುಚ್ಚಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲಿನಕ್ಸ್ ಎಬ್ಬಿಸುತ್ತಾರೆ. ಡಿಸ್ಕಿಗೆ ಏಟು ಬೀಳದ ಹಾಗೆ ಒಳಗನ್ನೆಲ್ಲ ನೋಡಬಹುದಲ್ಲ! 'ಏನೂ ಇಲ್ಲ'ದ ಡೆಸ್ಕ್‌ಟಾಪಿನಲ್ಲಿ ಮಗಳ ಮದುವೆಯ ಫೋಟೋ, ಸೊಸೈಟಿ ಸಾಲದ ಲೆಕ್ಕ, ಹತ್ತು ವರ್ಷದ ತೊಗರಿ ಪಟ್ಟಿ ಹೊರಬೀಳುತ್ತವೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ ಎಂಬುದು ಗಿರಾಕಿಗೆ ಗೊತ್ತಾಗುವುದು ಆಗಲೇ. ಮುಖ ಬಿಳಿಚುತ್ತದೆ. ಮಾಸ್ತರು ಚಹಾ ತರಿಸುತ್ತಾರೆ.

ಆಮೇಲಿನದು ಪೂಜಾವಿಧಿ, ಕ್ರಮ ತಪ್ಪುವಂತಿಲ್ಲ. ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು. ಮೊದಲೇ ಲಿನಕ್ಸ್ ಇದ್ದ ಡಿಸ್ಕಾದರೆ ಕಂಟ್ರೋಲ್ ಜೊತೆ ಎಚ್ ಒತ್ತಿ, ಚುಕ್ಕಿಯಿಂದ ಹೆಸರು ಶುರುವಾಗುವ ಅಡಗಿದ ಫೋಲ್ಡರುಗಳನ್ನೂ ಎಳೆದು ತರುತ್ತಾರೆ. ಥಂಡರ್‌ಬರ್ಡಿನ ಹಳೆಯ ಮೇಲ್‌ನಂಥವು ಅಲ್ಲೇ ಅವಿತಿರುತ್ತವೆ. ನಕಲಾದವುಗಳಲ್ಲಿ ನಾಲ್ಕಾರನ್ನು ತೆರೆದು ನೋಡದೆ ಮುಂದಿನ ಹೆಜ್ಜೆ ಇಲ್ಲ. "ಕಾಪಿ ಆತು ಅನ್ನೂದು ಬ್ಯಾರೆ, ತೆರೀತು ಅನ್ನೂದು ಬ್ಯಾರೆ" ಎನ್ನುವಾಗ ಅವರ ದನಿ ತರಗತಿಯದು. ಪಾರ್ಟಿಷನ್ ಹಿಗ್ಗಿಸಿ ಕುಗ್ಗಿಸುವ ದಿನ ಯುಪಿಎಸ್ ಚಾರ್ಜ್ ನೋಡಿಯೇ ಕೂರುತ್ತಾರೆ. ನಡುವೆ ಕರೆಂಟ್ ಹೋದರೆ ಡಿಸ್ಕಿನ ಗತಿ ಹೇಳಲಾಗದು. 'ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡು' ಎಂಬ ಸುಲಭದ ಆಯ್ಕೆ ತೆರೆಗೆ ಬಂದರೆ ಗಿರಾಕಿಯ ಕೈಯಿಂದ ಮೌಸ್ ಕಸಿದುಕೊಳ್ಳುವುದೂ ಉಂಟು.

ಮಾಸ್ತರ ನಿಜವಾದ ಪ್ರತಿಭೆ ಕಾಣುವುದು ಪಾರ್ಟಿಷನ್ ಪಾಠದಲ್ಲಿ. "ಹೊಲಕ್ಕ ಒಡ್ಡು ಹಾಕಿದಂಗ. ಈ ಕಡೆ ಸಿಸ್ಟಮ್, ಆ ಕಡೆ ನಿಮ್ಮ ಫೈಲು. ಈ ಕಡೆ ಎಷ್ಟರ ಹರಗ್ರಿ, ಆ ಕಡೆ ತೊಗರಿ ಅಲುಗಾಡೂದಿಲ್ಲ." ಮಾತು ನೂರಕ್ಕೆ ನೂರು ಸರಿ. ಬಳಕೆದಾರನ ಫೈಲುಗಳಿರುವ 'ಹೋಮ್' ಅನ್ನು ಬೇರೆ ಪಾರ್ಟಿಷನ್ನಿನಲ್ಲಿ ಇಟ್ಟಿದ್ದರೆ, ಮುಂದಿನ ಸಲ ಸಿಸ್ಟಮ್ ಇದ್ದ ಭಾಗವನ್ನಷ್ಟೇ ಫಾರ್ಮ್ಯಾಟ್ ಮಾಡಿ, ಹೋಮ್ ಭಾಗಕ್ಕೆ ಅದೇ ಹೆಸರು ಕೊಟ್ಟು, ಅದರೆದುರಿನ ಫಾರ್ಮ್ಯಾಟ್ ಗುರುತನ್ನು ಮುಟ್ಟದೆ ಬಿಟ್ಟರೆ ಸಾಕು. ಬಳಕೆದಾರನ ಹೆಸರನ್ನೂ ಮೊದಲಿನದೇ ಕೊಡಬೇಕು. ಇಲ್ಲದಿದ್ದರೆ ಹಳೆಯ ಫೋಲ್ಡರ್ ಅಲ್ಲೇ ಇದ್ದರೂ ಹೊಸ ಹೆಸರಿಗೆ ಬೇರೆ ಖಾಲಿ ಫೋಲ್ಡರ್ ಹುಟ್ಟಿಕೊಂಡು ಎದೆ ಧಸಕ್ಕೆನ್ನುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರದ ಝರಾಕ್ಸ್ ಅಂಗಡಿಯಾತನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಫೈಲು ಉಳಿದವು, ಅಕ್ಷರ ಉಳಿಯಲಿಲ್ಲ! 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಬಾಂಡು, ಅರ್ಜಿಗಳೆಲ್ಲ ಲಿಬ್ರೆಆಫೀಸಿನಲ್ಲಿ ಕಾಗೆ ಗುಬ್ಬಿ ಹೆಜ್ಜೆಯಾಗಿ ತೆರೆದವು. ಮಾಸ್ತರು ಆ ಫಾಂಟುಗಳನ್ನು ಹೋಮ್ ಒಳಗಿನ ಫಾಂಟ್ ಫೋಲ್ಡರಿಗೆ ಹಾಕಿದರು. ಮತ್ತೆ ಸಿಸ್ಟಮ್ ಬದಲಾದರೂ ಅವು ಅಲ್ಲೇ ಇರುತ್ತವೆ. ಹೊಸದಾಗಿ ಟೈಪ್ ಮಾಡಲು ಯೂನಿಕೋಡ್ ಇದೆ, ನುಡಿ ಬಳಸುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಲಿನಕ್ಸಿನಲ್ಲಿದೆ. ಅಂಗಡಿಯಾತನ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ.

ಆದರೂ ಅಪವಾದ ತಪ್ಪಿದ್ದಲ್ಲ. ಆರು ತಿಂಗಳಾದ ಮೇಲೆ ಹಾರ್ಡ್ ಡಿಸ್ಕ್ ತಾನಾಗಿ ಸತ್ತರೂ "ಮಾಸ್ತರು ಲಿನಕ್ಸ್ ಹಾಕಿದ್ರು, ಎಲ್ಲಾ ಹೋತು" ಎಂಬ ಸುದ್ದಿ ಹಬ್ಬುತ್ತದೆ. ಮಾಸ್ತರ ಬಳಿ ಇದಕ್ಕೆ ಇತಿಹಾಸದ ಆಸರೆ ಇದೆ: 1565ರ ಕಾಳಗ ನಡೆದದ್ದು ಎಷ್ಟೋ ದೂರದ ಕೃಷ್ಣೆಯ ಬದಿಗೆ, ಹೆಸರು ಬಂದದ್ದು ತಾಳಿಕೋಟೆಗೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹಳೆಯ ಎಷ್ಟೋ ಯಂತ್ರಗಳಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಇಲ್ಲ. ಮಾಸ್ತರಿಗೆ ಸುಗ್ಗಿ, ಮನೆಯವರಿಗೆ ಅಲ್ಲ. ಪಡಸಾಲೆಯ ತುಂಬ ಸಿಪಿಯು ಡಬ್ಬಿ ನೋಡಿ ಅವರು ಹೇಳುವುದು: "ಲಗ್ನದ ಫೋಟೋ ಮೂರು ಕಡೆ ಜ್ವಾಕಿ ಇಟ್ಟಾರ. ಲಗ್ನ ಆದಾಕಿಗೆ ಕೂಡಾಕ ಒಂದ್ ಕಡಿನೂ ಜಾಗ ಇಲ್ಲ." ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಉಬುಂಟುವಿನ ಹೊಸ ಆವೃತ್ತಿ ಬರುತ್ತದೆ, ಎರಡೂ ಸಲ ಮನೆಯ ಲ್ಯಾಪ್‌ಟಾಪಿನ ಚಹರೆ ಬದಲಾಗುತ್ತದೆ. ಫೋಟೋ ಮಾತ್ರ ಒಂದೂ ಕಳೆದಿಲ್ಲ ಎಂಬುದನ್ನು ಅವರೂ ಒಪ್ಪುತ್ತಾರೆ.

ನಿಮ್ಮೂರಿನ ಮಾಸ್ತರ ಕಡೆ ಹೋಗುವುದಿದ್ದರೆ ಖಾಲಿ ಹಾರ್ಡ್ ಡಿಸ್ಕೊಂದು ಜೊತೆಗಿರಲಿ. ಬರಿಗೈಯಲ್ಲಿ ಹೋದರೆ ಚಹಾ ಕುಡಿಸಿ ವಾಪಸ್ ಕಳಿಸುತ್ತಾರೆ.